ಹೊಸಕೋಟೆ ಸೀಮೆಯ ನೀರುಗಂಟಿ

ಕೆರೆಯ ನೀರನ್ನು ಗದ್ದೆಗಳಿಗೆ ಹಂಚುವ ಹೊಣೆ ಹೊತ್ತ ಊರಿನ ಚಾಕರಿಯವನೇ ನೀರುಗಂಟಿ. ಹಳೆಯ ಮೈಸೂರು ಸೀಮೆಯಲ್ಲಿ ಕೆರೆ ಇದ್ದ ಕಡೆಯಲ್ಲೆಲ್ಲ ಈ ಹುದ್ದೆ ಇತ್ತು. ಹೊಸಕೋಟೆ, ದೇವನಹಳ್ಳಿ, ಕೋಲಾರದ ಊರುಗಳಲ್ಲಿ ಅದು ತಂದೆಯಿಂದ ಮಗನಿಗೆ ಇಳಿದು ಬಂದು, ಕಾನೂನಿನ ಪ್ರಕಾರ 1963ರಲ್ಲಿ ಕೊನೆಗೊಂಡಿತು. ಯಾರ ಗದ್ದೆ ಒಣಗಿದೆ, ಯಾರದು ತುಂಬಿದೆ ಎಂದು ಕಣ್ಣಿಟ್ಟು ನೋಡುವುದು, ನೋಡಿದ್ದಕ್ಕೆ ತಕ್ಕಂತೆ ಮುಖ ನೋಡದೆ ನೀರು ಬಿಡುವುದು – ಈ ಎರಡರ ಮೇಲೆ ನಿಂತಿದ್ದ ಕಸುಬು ಇದು. ಇನ್ನೊಬ್ಬರನ್ನು ಗಮನಿಸುವುದಕ್ಕೂ ಪ್ರಾಮಾಣಿಕವಾಗಿ ಬದುಕುವುದಕ್ಕೂ ಇರುವ ನಂಟನ್ನು ಈ ಸೀಮೆಯ ಚರಿತ್ರೆಯಲ್ಲಿ ನೀರುಗಂಟಿಯ ಬಾಳಿನಷ್ಟು ಸ್ಪಷ್ಟವಾಗಿ ತೋರಿಸುವುದು ಬೇರೆ ಇಲ್ಲ.

ಹೊಸಕೋಟೆಗೆ ವರ್ಷವಿಡೀ ಹರಿಯುವ ಹೊಳೆ ಇಲ್ಲ. ನಂದಿಬೆಟ್ಟದ ಸಾಲಿನಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿ ದೇವನಹಳ್ಳಿಯನ್ನು ದಾಟಿ ಈ ತಾಲ್ಲೂಕಿಗೆ ಇಳಿದು, ಮುಂದೆ ತಮಿಳುನಾಡಿಗೆ ಹೋಗುತ್ತದೆ. ಮಳೆ ಬಂದಾಗ ಮಾತ್ರ ನೀರು ಕಾಣುವ ಈ ಹೊಳೆಯನ್ನೂ ಅದಕ್ಕೆ ಸೇರುವ ಹಳ್ಳಗಳನ್ನೂ ಅಲ್ಲಲ್ಲಿ ತಡೆದು, ಒಂದರ ಕೋಡಿ ಇನ್ನೊಂದಕ್ಕೆ ಬೀಳುವಂತೆ ಹಿಂದಿನವರು ಕೆರೆಗಳನ್ನು ಕಟ್ಟಿದರು. ಸುಮಾರು 1595ರಲ್ಲಿ ಹೊಸಕೋಟೆಯ ಕೋಟೆಯನ್ನು ಕಟ್ಟಿಸಿದ ಸುಗಟೂರಿನ ಪಾಳೆಯಗಾರ ತಮ್ಮೇಗೌಡ ಊರಿನ ದೊಡ್ಡ ಕೆರೆಯನ್ನೂ ಕಟ್ಟಿಸಿದ. ಆ ಕೆರೆಯ ಏರಿಯ ಉದ್ದ ಎರಡು ಮೈಲಿಯಷ್ಟು. ತುಂಬಿದಾಗ ನೀರಿನ ಸುತ್ತಳತೆ ಹತ್ತು ಮೈಲಿಗೆ ಕಡಿಮೆ ಇಲ್ಲವೆಂದು ಹಳೆಯ ಗೆಜೆಟಿಯರ್ ಹೇಳುತ್ತದೆ. 1638ರಲ್ಲಿ ಊರು ಬಿಜಾಪುರದವರ ವಶವಾಗಿ ಶಹಾಜಿಯ ಜಹಗೀರಿಗೆ ಸೇರಿತು. ಬಳಿಕ ಮೊಗಲರು, ಮರಾಠರು, ಮೈಸೂರಿನವರ ಕೈಗಳನ್ನು ದಾಟಿ 1761ರಲ್ಲಿ ಹೈದರನಿಗೆ ದಕ್ಕಿತು. ಧ್ವಜ ಬದಲಾದಾಗಲೂ ಕೆರೆಯ ಕೆಳಗಿನ ಗದ್ದೆಗಳಿಗೆ ನೀರು ಬೇಕೇ ಬೇಕಿತ್ತು. ಆದ್ದರಿಂದ ನೀರುಗಂಟಿಯ ಕೆಲಸ ನಿಲ್ಲಲಿಲ್ಲ.

ಮೈಸೂರಿನ ಮುಖ್ಯ ಎಂಜಿನಿಯರ್ ಆಗಿದ್ದ ಸ್ಯಾಂಕಿ 1866ರಲ್ಲಿ ಬರೆದ ವರದಿಯ ಪ್ರಕಾರ, ಸಂಸ್ಥಾನದ ನೆಲದಲ್ಲಿ ಸುಮಾರು ಶೇ. 60ರಷ್ಟು ಕೆರೆಗಳ ವ್ಯವಸ್ಥೆಗೆ ಒಳಪಟ್ಟಿತ್ತು. ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟ ಎನ್ನುವಷ್ಟು ಕೆರೆಗಳಿದ್ದವು. ಇಷ್ಟು ನೀರನ್ನು ಪ್ರತಿ ಊರಿನಲ್ಲೂ ಒಬ್ಬರಿಬ್ಬರು ಹಂಚುತ್ತಿದ್ದರು.

ನೀರುಗಂಟಿಯ ಕೈಯಲ್ಲಿದ್ದ ಮುಖ್ಯ ಅಧಿಕಾರ ತೂಬು. ಏರಿಯ ಒಳಮೈಯಲ್ಲಿ, ನೀರಿನ ನಡುವೆ ಎರಡು ಕಲ್ಲುಕಂಬಗಳು. ಅವುಗಳ ನಡುವೆ ಅಡ್ಡಲಾಗಿ ತೂತು ಕೊರೆದ ಕಲ್ಲುಚಪ್ಪಡಿಗಳು. ಆ ತೂತುಗಳೊಳಗೆ ಇಳಿಬಿಟ್ಟ ಮರದ ಗೂಟ ತಳದ ಕಂಡಿಯನ್ನು ಮುಚ್ಚಿರುತ್ತದೆ. ಗೂಟವನ್ನು ಎಷ್ಟು ಎತ್ತಿದರೆ ಅಷ್ಟು ನೀರು ಏರಿಯ ಕೆಳಗಿನಿಂದ ಹಾಯ್ದು ಕಾಲುವೆಗೆ ಬರುತ್ತದೆ. ಗೂಟ ಎತ್ತುವವನು ನೀರುಗಂಟಿ ಒಬ್ಬನೇ. ಅಚ್ಚುಕಟ್ಟಿನಲ್ಲಿ ಗದ್ದೆ ಇದ್ದವರು ಗೌಡರಾಗಲಿ ಶಾನುಭೋಗರಾಗಲಿ, ತೂಬಿಗೆ ಕೈಹಾಕುವಂತಿರಲಿಲ್ಲ. ತಮ್ಮ ಗದ್ದೆಗೆ ತಾವೇ ನೀರು ತಿರುಗಿಸಿಕೊಳ್ಳುವುದೂ ತಪ್ಪೆನಿಸಿತ್ತು.

ನೀರು ಬಿಟ್ಟ ಮೇಲೆ ನೀರುಗಂಟಿ ಗುದ್ದಲಿ ಹಿಡಿದು ಕಾಲುವೆಯ ಜೊತೆಗೇ ನಡೆಯುತ್ತಿದ್ದ. ಒಂದು ಗದ್ದೆಯ ಬಾಯಿಗೆ ಅಡ್ಡವಿಟ್ಟ ಮಣ್ಣಿನ ಹೆಂಟೆಯನ್ನು ಸರಿಸಿ, ಪೈರಿನ ಬುಡ ನೆನೆಯುವವರೆಗೆ ಕಾದು, ಮತ್ತೆ ಹೆಂಟೆ ಮುಚ್ಚಿ ಮುಂದಿನ ಗದ್ದೆಗೆ ಹೋಗಬೇಕು. ಮರಳು ಮಣ್ಣಿನ ಗದ್ದೆ ಬೇಗ ಒಣಗುತ್ತದೆ, ಜೇಡಿ ಮಣ್ಣಿನದು ನೀರು ಹಿಡಿದುಕೊಳ್ಳುತ್ತದೆ. ನಾಟಿ ಮಾಡಿದ ವಾರದ ಪೈರಿಗೂ ತೆನೆ ಕಟ್ಟುವ ಪೈರಿಗೂ ಬೇಕಾಗುವ ನೀರು ಬೇರೆ. ಗಂಡಸು ದಿಕ್ಕಿಲ್ಲದ ಮನೆಯ ಗದ್ದೆಗೆ ರಾತ್ರಿಯ ಸರದಿ ಬಂದರೆ ಅಲ್ಲಿ ನಿಂತು ನೋಡಿಕೊಳ್ಳುವವರೂ ಇರುವುದಿಲ್ಲ. ಇದನ್ನೆಲ್ಲ ಬರೆದಿಟ್ಟ ಪುಸ್ತಕವಿರಲಿಲ್ಲ. ಕಾಲುವೆಯ ತಲೆಯಲ್ಲಿರುವವನಿಗೆ ನೀರು ತಾನಾಗಿಯೇ ಸಿಗುತ್ತದೆ. ಕಡೆಯ ಗದ್ದೆಯವನಿಗೆ ಸಿಗಬೇಕಾದರೆ ಯಾರಾದರೂ ಅವನನ್ನು ನೆನಪಿಟ್ಟುಕೊಂಡಿರಬೇಕು. ಆ ನೆನಪೇ ನೀರುಗಂಟಿಯ ವಿದ್ಯೆಯಾಗಿತ್ತು.

ಮಳೆಗಾಲದಲ್ಲಿ ಹೊಣೆ ಇನ್ನೂ ಹೆಚ್ಚು. ಏರಿಯಲ್ಲಿ ಇಲಿ, ಏಡಿ ಕೊರೆದ ಬಿಲಗಳನ್ನು ಮುಚ್ಚುವುದು, ಕೋಡಿಯಲ್ಲಿ ಕಸ ಸಿಕ್ಕಿಕೊಳ್ಳದಂತೆ ನೋಡುವುದು, ರಾತ್ರಿ ಜೋರು ಮಳೆಯಾದರೆ ಏರಿಯ ಮೇಲೆ ತಿರುಗಿ, ನೀರು ಜಿನುಗುವುದು ಕಂಡರೆ ಊರನ್ನು ಎಬ್ಬಿಸುವುದು ಅವನ ಪಾಲಿನ ಕೆಲಸ. ಕೆರೆ ತುಂಬಿ ಕೋಡಿ ಬಿದ್ದಾಗ ಊರು ಗಂಗಮ್ಮನಿಗೆ ಪೂಜೆ ಮಾಡಿ ಬಾಗಿನ ಬಿಡುತ್ತಿತ್ತು.

ಕೆರೆ ಅರ್ಧ ತುಂಬಿದ ವರ್ಷ ಈ ವ್ಯವಸ್ಥೆಯ ನಿಜವಾದ ಪರೀಕ್ಷೆ. ತೂಬಿನ ಕಲ್ಲಿನ ಎಷ್ಟನೆಯ ಮಟ್ಟಕ್ಕೆ ನೀರು ನಿಂತಿದೆ ಎಂದು ನೋಡಿ, ಊರಿನವರು ಸೇರಿ ಎಷ್ಟು ನೆಲಕ್ಕೆ ಬತ್ತ ಹಾಕಬಹುದೆಂದು ತೀರ್ಮಾನಿಸುತ್ತಿದ್ದರು. ನೀರು ತೀರಾ ಕಡಿಮೆಯಾದರೆ ದಾಮಾಶಾ ಎಂಬ ಪದ್ಧತಿ ಇತ್ತು. ಕೆರೆಗೆ ಹತ್ತಿರವಿರುವ ನೆಲವನ್ನಷ್ಟೇ ಆ ವರ್ಷ ಸಾಗುವಳಿಗೆ ಆರಿಸಿ, ಅಚ್ಚುಕಟ್ಟಿನ ಎಲ್ಲ ರೈತರಿಗೂ ಅವರವರ ಹಿಡುವಳಿಗೆ ತಕ್ಕಷ್ಟು ತುಂಡು ಹಂಚುತ್ತಿದ್ದರು. ಕಡೆಯ ಗದ್ದೆಯವನೂ ಆ ವರ್ಷ ತಲೆಗದ್ದೆಯಲ್ಲಿ ಬೆಳೆ ತೆಗೆಯುತ್ತಿದ್ದ. ಕೊರತೆಯನ್ನು ಒಬ್ಬನ ತಲೆಗೆ ಕಟ್ಟದೆ ಎಲ್ಲರೂ ಹಂಚಿಕೊಳ್ಳುವ ಈ ಏರ್ಪಾಡು, ಹಂಚುವವನ ಮೇಲೆ ಊರಿಗೆ ನಂಬಿಕೆ ಇದ್ದರೆ ಮಾತ್ರ ನಡೆಯುವಂಥದು.

ನೀರುಗಂಟಿ ಊರಿನ ಆಯಗಾರರಲ್ಲಿ ಒಬ್ಬ. ಗೌಡ, ಶಾನುಭೋಗ, ತಳವಾರ, ತೋಟಿ, ಕಮ್ಮಾರ, ಬಡಗಿ, ಅಗಸ, ಕುಂಬಾರ ಮೊದಲಾದವರ ಹಾಗೆ ಅವನಿಗೂ ಸುಗ್ಗಿಯಲ್ಲಿ ಕಣದ ರಾಶಿಯಿಂದ ಪಾಲು ಬರುತ್ತಿತ್ತು. 1800ರಲ್ಲಿ ಈ ಸೀಮೆಯಲ್ಲಿ ತಿರುಗಾಡಿದ ಫ್ರಾನ್ಸಿಸ್ ಬುಕಾನನ್, ರಾಶಿಯಿಂದ ಯಾರು ಯಾರಿಗೆ ಎಷ್ಟು ಅಳೆಯುತ್ತಾರೆಂದು ಬರೆದಿಟ್ಟ ಪಟ್ಟಿಯಲ್ಲಿ ನೀರುಗಂಟಿಯ ಹೆಸರೂ ಇದೆ. ಇದಲ್ಲದೆ ಚಾಕರಿಗಾಗಿ ಒಂದಿಷ್ಟು ಇನಾಮು ಜಮೀನು. ಪಾಲು ಬರುವುದು ಎಲ್ಲರ ಕಣದಿಂದ. ಹೀಗಾಗಿ ಎಲ್ಲರ ಗದ್ದೆ ಬೆಳೆಯುವುದರಲ್ಲೇ ಅವನ ಹಿತವೂ ಇತ್ತು.

ಈ ಕತೆಯ ಇನ್ನೊಂದು ಮುಖವನ್ನು ಮುಚ್ಚಿಡಬಾರದು. ಈ ಭಾಗದಲ್ಲಿ ನೀರುಗಂಟಿಗಳು ಬಹುಪಾಲು ದಲಿತ ಸಮುದಾಯದವರು. ಅಚ್ಚುಕಟ್ಟಿನಲ್ಲಿ ಹೆಚ್ಚು ಗದ್ದೆ ಇಲ್ಲದ ಕಾರಣ ಅವರು ಪಕ್ಷ ವಹಿಸುವುದಿಲ್ಲ ಎಂಬುದು ಊರಿನವರ ವಾದ. ಗದ್ದೆ ಇಲ್ಲದಿರುವುದು ಅವರ ಆಯ್ಕೆಯಾಗಿರಲಿಲ್ಲ. ಊರಿನ ನೀರನ್ನೆಲ್ಲ ಹಂಚುತ್ತಿದ್ದವನು ಮೇಲುಜಾತಿಯವರ ಬಾವಿಗೆ ಕೊಡ ಇಳಿಸುವಂತಿರಲಿಲ್ಲ. ಅವನು ಕಾದ ಏರಿಯ ಮೇಲಿನ ಗುಡಿಯೊಳಗೆ ಕಾಲಿಡುವಂತಿರಲಿಲ್ಲ. ಪ್ರತಿ ಮನೆಯ ಬೇಕು ಬೇಡಗಳನ್ನು ಅವನು ಗಮನಿಸಿದ. ಅವನ ಮನೆಯನ್ನು ಊರು ಗಮನಿಸಲಿಲ್ಲ. ಅವನ ಪ್ರಾಮಾಣಿಕತೆಯನ್ನು ಹೊಗಳುವಾಗ ಈ ಮಾತನ್ನು ಬಿಟ್ಟರೆ ಹೊಗಳಿಕೆಯೇ ಅಪ್ರಾಮಾಣಿಕವಾಗುತ್ತದೆ.

ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಕೆರೆಗಳು ಮೆಲ್ಲಗೆ ಊರಿನ ಕೈಯಿಂದ ಸರ್ಕಾರದ ಕಡೆಗೆ ಸರಿದವು. 1856ರಲ್ಲಿ ಮೈಸೂರಿನಲ್ಲಿ ಲೋಕೋಪಯೋಗಿ ಇಲಾಖೆ ಆರಂಭವಾದ ಮೇಲೆ ದುರಸ್ತಿ ಇಲಾಖೆಯ ಕೆಲಸವೆಂಬ ಭಾವನೆ ಬೆಳೆಯಿತು. ರೈತರನ್ನು ಮತ್ತೆ ಹೊಣೆಗಾರರನ್ನಾಗಿ ಮಾಡಲು 1911ರಲ್ಲಿ ಕೆರೆ ಪಂಚಾಯಿತಿಗಳ ಕಾಯಿದೆ ಬಂದರೂ ಹಳೆಯ ಹುರುಪು ಮರಳಲಿಲ್ಲ.

ಸ್ವಾತಂತ್ರ್ಯದ ನಂತರ, ಹುಟ್ಟಿನಿಂದ ಬರುವ ಊರ ಹುದ್ದೆಗಳನ್ನೆಲ್ಲ 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯಿದೆ ತೆಗೆದುಹಾಕಿತು. ಅದು ಜಾರಿಗೆ ಬಂದದ್ದು 1963ರ ಫೆಬ್ರವರಿ 1ರಂದು. ಪಟೇಲ, ಶಾನುಭೋಗರ ಜೊತೆಗೆ ತೋಟಿ, ತಳವಾರ, ನೀರುಗಂಟಿಗಳ ಹುದ್ದೆಯೂ ಹೋಯಿತು; ಇನಾಮು ಜಮೀನನ್ನು ಅವರಿಗೇ ಮರುಮಂಜೂರು ಮಾಡಲು ಅವಕಾಶವಾಯಿತು. ಜಾತಿಗೆ ಕಟ್ಟಿದ ಚಾಕರಿ ಹೋದದ್ದು ನ್ಯಾಯವೇ. ಆದರೆ ತೂಬನ್ನು ಕಾಯುವ, ಕಡೆಯ ಗದ್ದೆಯವನನ್ನು ನೆನಪಿಡುವ ಕೆಲಸಕ್ಕೆ ಸಂಬಳ ಕೊಟ್ಟು ಗೌರವದಿಂದ ಯಾರನ್ನಾದರೂ ನೇಮಿಸುವ ಏರ್ಪಾಡನ್ನು ಅದರ ಬೆನ್ನಿಗೇ ಮಾಡಲಿಲ್ಲ.

ಆ ತೆರವನ್ನು ಕೊಳವೆಬಾವಿ ತುಂಬಿತು. ಸ್ವಂತ ಹೊಲದಲ್ಲಿ ಸ್ವಿಚ್ ಒತ್ತಿದರೆ ನೀರು ಬರುವಾಗ ನೆರೆಯವನ ಸರದಿ ಕೇಳಬೇಕಾಗಿಲ್ಲ. ಕೆರೆಗಳ ಜಲಾನಯನದಲ್ಲಿ ನೀಲಗಿರಿ ತೋಪುಗಳು ಎದ್ದವು, ರಾಜಕಾಲುವೆಗಳು ಒತ್ತುವರಿಯಾದವು, ಹೂಳು ತುಂಬಿತು. ಬೆಂಗಳೂರು ಬೆಳೆಯುತ್ತ ಬಂದಂತೆ ಅಚ್ಚುಕಟ್ಟಿನ ಎಷ್ಟೋ ಗದ್ದೆಗಳು ಬಡಾವಣೆ, ಗೋದಾಮು, ಕಾರ್ಖಾನೆಗಳಾದವು. ಒಬ್ಬರು ಆಳಕ್ಕೆ ಕೊರೆಸಿದಾಗ ಪಕ್ಕದವರ ಬಾವಿ ಬತ್ತುವುದನ್ನು ಈ ತಾಲ್ಲೂಕಿನ ರೈತರು ಕಂಡಿದ್ದಾರೆ. ಅಂತರ್ಜಲ ಅತಿಯಾಗಿ ಬಳಕೆಯಾದ ತಾಲ್ಲೂಕುಗಳ ಪಟ್ಟಿಯಲ್ಲಿ ಹೊಸಕೋಟೆ ಸೇರಿದೆ.

ನೆಲದ ಮೇಲಿನ ನೀರಿಗಿದ್ದ ಲೆಕ್ಕ ನೆಲದ ಕೆಳಗಿನ ನೀರಿಗೂ ಬೇಕು. ಕೆರೆಗಳ ಹೂಳೆತ್ತುವುದಕ್ಕೆ, ಏರಿ ಕಟ್ಟುವುದಕ್ಕೆ ಹಣ ಬಂದಾಗಲೆಲ್ಲ, ಆ ನೀರನ್ನು ಹಂಚುವ ಮನುಷ್ಯನಿಗೂ ಯೋಜನೆಯಲ್ಲಿ ಜಾಗವಿರಬೇಕು. ಅವನ ಜಾತಿಯನ್ನು ಕೇಳದೆ, ಕೂಲಿಯನ್ನು ಬಾಕಿ ಉಳಿಸದೆ, ಊರು ಅವನನ್ನು ತನ್ನವನೆಂದು ಕಂಡರೆ ಮಾತ್ರ ನೀರುಗಂಟಿಯ ಪದ್ಧತಿಯಲ್ಲಿದ್ದ ಒಳ್ಳೆಯದು ಉಳಿದು, ಕೆಟ್ಟದ್ದು ಹೋದಂತಾಗುತ್ತದೆ.