ಡೇಟನ್ ಮೊಕದ್ದಮೆ: ವಿಕಾಸವಾದ ಕೋರ್ಟಿನ ಮೆಟ್ಟಿಲೇರಿದಾಗ

1925ರ ಜುಲೈ 10ರಿಂದ 21ರವರೆಗೆ ಅಮೆರಿಕದ ಟೆನೆಸ್ಸಿ ರಾಜ್ಯದ ಡೇಟನ್ ಪಟ್ಟಣದಲ್ಲಿ ಜಾನ್ ಸ್ಕೋಪ್ಸ್ ಎಂಬ 24 ವರ್ಷದ ಶಾಲಾ ಶಿಕ್ಷಕರ ವಿಚಾರಣೆ ನಡೆಯಿತು. ಮನುಷ್ಯ ಕೆಳಸ್ತರದ ಪ್ರಾಣಿಗಳಿಂದ ವಿಕಾಸಗೊಂಡವನು ಎಂದು ಮಕ್ಕಳಿಗೆ ಪಾಠ ಹೇಳಿದರೆಂಬುದು ಅವರ ಮೇಲಿದ್ದ ಆರೋಪ. ದೇವರೇ ಮನುಷ್ಯನನ್ನು ಸೃಷ್ಟಿಸಿದನೆಂಬ ನಂಬಿಕೆಗೂ ಡಾರ್ವಿನ್ ಸಿದ್ಧಾಂತಕ್ಕೂ ನಡೆದ ದೀರ್ಘ ವಾಗ್ವಾದದಲ್ಲಿ ಈ ಮೊಕದ್ದಮೆಗೆ ದೊಡ್ಡ ಸ್ಥಾನವಿದೆ. ಸರ್ಕಾರಿ ಶಾಲೆಯಲ್ಲಿ ಏನನ್ನು ಕಲಿಸಬೇಕೆಂದು ತೀರ್ಮಾನಿಸುವವರು ಯಾರು ಎಂಬ ಪ್ರಶ್ನೆ ಕಾನೂನಿನ ಮುಂದೆ ನೇರವಾಗಿ ಬಂದದ್ದು ಇಲ್ಲಿಯೇ.

ಡಾರ್ವಿನ್ನರ ‘ಜೀವಜಾತಿಗಳ ಉಗಮ’ 1859ರಲ್ಲಿ ಪ್ರಕಟವಾಯಿತು. ಮನುಷ್ಯನ ಮೂಲವನ್ನು ಚರ್ಚಿಸುವ ಗ್ರಂಥ 1871ರಲ್ಲಿ ಬಂತು. ಎರಡಕ್ಕೂ ಚರ್ಚಿನ ವಲಯದಲ್ಲಿ ವಿರೋಧ ಎದ್ದಿತು. ಆದರೆ ಧರ್ಮನಿಷ್ಠರೆಲ್ಲರೂ ಒಂದೇ ಕಡೆ ನಿಲ್ಲಲಿಲ್ಲ. ಹಾರ್ವರ್ಡ್‌ನ ಸಸ್ಯವಿಜ್ಞಾನಿ ಏಸಾ ಗ್ರೇ ಶ್ರದ್ಧಾವಂತ ಕ್ರೈಸ್ತರು. ಅಮೆರಿಕದಲ್ಲಿ ಡಾರ್ವಿನ್ ಪರವಾಗಿ ಮೊದಲು ಗಟ್ಟಿಯಾಗಿ ವಾದಿಸಿದವರಲ್ಲಿ ಅವರೂ ಒಬ್ಬರು. ಸೃಷ್ಟಿಕರ್ತ ವಿಕಾಸದ ಮಾರ್ಗವಾಗಿಯೇ ಕೆಲಸ ಮಾಡಿರಬಹುದೆಂದು ಹಲವು ಪಾದ್ರಿಗಳೂ ಒಪ್ಪಿಕೊಂಡಿದ್ದರು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಾತಾವರಣ ಬಿಗಿಯಾಯಿತು. 1910ರಿಂದ 1915ರವರೆಗೆ ‘ಮೂಲತತ್ತ್ವಗಳು’ ಎಂಬ ಅರ್ಥದ ಹೆಸರಿನ ಪುಸ್ತಿಕೆಗಳ ಮಾಲೆಯೊಂದು ಅಮೆರಿಕದಲ್ಲಿ ಪ್ರಕಟವಾಯಿತು. ಬೈಬಲ್ಲಿನ ಮಾತು ತಪ್ಪಾಗಲು ಸಾಧ್ಯವಿಲ್ಲ ಎಂಬುದು ಅದರ ಮುಖ್ಯ ಪ್ರತಿಪಾದನೆ; ಮೂಲಭೂತವಾದಿ ಕ್ರೈಸ್ತ ಚಳವಳಿಗೆ ಹೆಸರು ಬಂದದ್ದು ಈ ಮಾಲೆಯಿಂದ. ಅದೇ ಅವಧಿಯಲ್ಲಿ ದಕ್ಷಿಣದ ರಾಜ್ಯಗಳಲ್ಲಿ ಸರ್ಕಾರಿ ಪ್ರೌಢಶಾಲೆಗಳು ಹಳ್ಳಿಗಾಡಿಗೂ ಹಬ್ಬಿದವು. ಅಲ್ಲಿಯವರೆಗೆ ವಿದ್ವಾಂಸರ ನಡುವೆ ಇದ್ದ ಚರ್ಚೆ ಜೀವಶಾಸ್ತ್ರದ ಪಠ್ಯಪುಸ್ತಕದ ಮೂಲಕ ರೈತರ ಮನೆಯೊಳಗೆ ಬಂತು.

ಈ ಕಳವಳಕ್ಕೆ ದನಿಯಾದವರು ವಿಲಿಯಂ ಜೆನ್ನಿಂಗ್ಸ್ ಬ್ರಯನ್. 1896, 1900 ಮತ್ತು 1908ರಲ್ಲಿ ಡೆಮಾಕ್ರಟಿಕ್ ಪಕ್ಷದಿಂದ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿ ಸೋತಿದ್ದ, ವಿಲ್ಸನ್ ಸರ್ಕಾರದಲ್ಲಿ ವಿದೇಶಾಂಗ ಕಾರ್ಯದರ್ಶಿಯಾಗಿದ್ದ ಬ್ರಯನ್ ರೈತರ, ಕಾರ್ಮಿಕರ ಪರ ನಾಯಕರೆಂದು ಹೆಸರಾಗಿದ್ದರು. ಬಲಿಷ್ಠರೇ ಉಳಿಯಬೇಕೆಂಬ ವಾದವಾಗಿ ಡಾರ್ವಿನ್ ಸಿದ್ಧಾಂತವನ್ನು ಕಂಡ ಅವರು, ಮೊದಲ ಮಹಾಯುದ್ಧದ ಕ್ರೌರ್ಯಕ್ಕೆ ಅದೇ ಪ್ರೇರಣೆಯೆಂದು ನಂಬಿದ್ದರು. ತೆರಿಗೆ ಕಟ್ಟುವ ಜನರೇ ಶಾಲೆಯ ಒಡೆಯರು, ಬಹುಸಂಖ್ಯಾತರು ಒಪ್ಪದ ಪಾಠ ಅಲ್ಲಿ ನಡೆಯಕೂಡದು ಎಂಬುದು ಅವರ ನಿಲುವು.

ಟೆನೆಸ್ಸಿಯ ಶಾಸನಸಭೆಯಲ್ಲಿ ಈ ನಿಲುವಿಗೆ ಕಾನೂನಿನ ರೂಪ ಕೊಟ್ಟವರು ಜಾನ್ ವಾಷಿಂಗ್ಟನ್ ಬಟ್ಲರ್ ಎಂಬ ರೈತ ಶಾಸಕ. ಅವರ ಮಸೂದೆ ಕೆಳಮನೆಯಲ್ಲಿ 71–5, ಮೇಲ್ಮನೆಯಲ್ಲಿ 24–6 ಮತಗಳಿಂದ ಗೆದ್ದಿತು. 1925ರ ಮಾರ್ಚ್ 21ರಂದು ರಾಜ್ಯಪಾಲ ಆಸ್ಟಿನ್ ಪೇ ಸಹಿ ಹಾಕಿದರು. ಬೈಬಲ್ ಹೇಳುವ ಮಾನವ ಸೃಷ್ಟಿಯ ಕಥನವನ್ನು ಅಲ್ಲಗಳೆಯುವ ಸಿದ್ಧಾಂತವನ್ನು ರಾಜ್ಯದ ಹಣದಲ್ಲಿ ನಡೆಯುವ ಯಾವ ಶಾಲೆ, ವಿಶ್ವವಿದ್ಯಾಲಯದಲ್ಲೂ ಕಲಿಸುವಂತಿರಲಿಲ್ಲ. ತಪ್ಪಿದರೆ 100ರಿಂದ 500 ಡಾಲರ್ ದಂಡ.

ನಾಗರಿಕ ಹಕ್ಕುಗಳಿಗಾಗಿ ದುಡಿಯುತ್ತಿದ್ದ ಅಮೆರಿಕನ್ ಸಿವಿಲ್ ಲಿಬರ್ಟೀಸ್ ಯೂನಿಯನ್, ಈ ಕಾನೂನನ್ನು ಪ್ರಶ್ನಿಸಲು ಮುಂದೆ ಬರುವ ಶಿಕ್ಷಕರ ಪರ ತಾನು ನಿಲ್ಲುವುದಾಗಿ ಪತ್ರಿಕೆಯ ಮೂಲಕ ತಿಳಿಸಿತು. ಸುಮಾರು 1,800 ಜನರಿದ್ದ ಡೇಟನ್ ಆಗ ಸೊರಗಿತ್ತು. ಕಲ್ಲಿದ್ದಲು ಮತ್ತು ಕಬ್ಬಿಣದ ಉದ್ಯಮ ಕುಸಿದಿತ್ತು. ಮೊಕದ್ದಮೆ ಇಲ್ಲಿಯೇ ನಡೆದರೆ ಊರಿಗೆ ಹೆಸರೂ ವ್ಯಾಪಾರವೂ ಬರುತ್ತದೆಂದು ಗಣಿ ಕಂಪನಿಯ ವ್ಯವಸ್ಥಾಪಕ ಜಾರ್ಜ್ ರಾಪಲೀ ಲೆಕ್ಕ ಹಾಕಿದರು. ಮಾತುಕತೆ ನಡೆದದ್ದು ರಾಬಿನ್ಸನ್ ಅವರ ಔಷಧದ ಅಂಗಡಿಯಲ್ಲಿ. ಅಂಗಡಿಯ ಮಾಲೀಕರೇ ಶಾಲಾ ಮಂಡಳಿಯ ಅಧ್ಯಕ್ಷರೂ ಆಗಿದ್ದರು. ಸ್ಕೋಪ್ಸ್ ಅವರನ್ನು ಅಲ್ಲಿಗೆ ಕರೆಸಲಾಯಿತು. ಫುಟ್‌ಬಾಲ್ ತರಬೇತುದಾರರಾಗಿದ್ದ ಅವರು ಜೀವಶಾಸ್ತ್ರದ ತರಗತಿಯನ್ನು ಕೆಲದಿನ ಮಾತ್ರ ಬದಲಿ ಶಿಕ್ಷಕರಾಗಿ ನೋಡಿಕೊಂಡಿದ್ದರು. ವಿಕಾಸದ ಪಾಠ ಮಾಡಿದ್ದು ಅವರಿಗೇ ಖಚಿತವಾಗಿ ನೆನಪಿರಲಿಲ್ಲ. ಆದರೂ ಆರೋಪಿಯಾಗಲು ಒಪ್ಪಿದರು.

ತರಗತಿಯಲ್ಲಿ ಬಳಕೆಯಲ್ಲಿದ್ದದ್ದು ಜಾರ್ಜ್ ವಿಲಿಯಂ ಹಂಟರ್ ಬರೆದು 1914ರಲ್ಲಿ ಪ್ರಕಟವಾದ ‘ಎ ಸಿವಿಕ್ ಬಯಾಲಜಿ’. ರಾಜ್ಯವೇ ಮಂಜೂರು ಮಾಡಿದ್ದ ಈ ಪುಸ್ತಕ ಅದೇ ರಾಬಿನ್ಸನ್ ಅಂಗಡಿಯಲ್ಲಿ ಮಾರಾಟವಾಗುತ್ತಿತ್ತು. ಪ್ರಾಣಿವರ್ಗಗಳನ್ನು ವೃತ್ತಗಳಾಗಿ ತೋರಿಸುವ ಒಂದು ಚಿತ್ರ ಅದರಲ್ಲಿತ್ತು. ಸಸ್ತನಿಗಳ ವೃತ್ತದಲ್ಲಿ 3,500 ಎಂದು ಬರೆದಿತ್ತು. ಮನುಷ್ಯನಿಗೆ ಬೇರೆ ಗೆರೆಯಾಗಲಿ ಗುರುತಾಗಲಿ ಇರಲಿಲ್ಲ. ಮನುಷ್ಯನನ್ನು ಇಷ್ಟು ಪ್ರಾಣಿಗಳ ಜೊತೆ ಒಂದೇ ಸುತ್ತಿನೊಳಗೆ ಕೂಡಿಹಾಕಲಾಗಿದೆ ಎಂದು ಬ್ರಯನ್ ನ್ಯಾಯಾಲಯದಲ್ಲಿ ಆಕ್ಷೇಪಿಸಿದ್ದು ಈ ಚಿತ್ರವನ್ನೇ ತೋರಿಸಿ. ಇದೇ ಪುಸ್ತಕ ಮನುಷ್ಯರನ್ನು ಐದು ಜನಾಂಗಗಳಾಗಿ ವಿಂಗಡಿಸಿ ಬಿಳಿಯರನ್ನು ಎಲ್ಲರಿಗಿಂತ ಮೇಲಿಟ್ಟಿತ್ತು; ‘ಅಯೋಗ್ಯ’ರು ಮಕ್ಕಳನ್ನು ಹೆರದಂತೆ ತಡೆಯುವ ಸುಸಂತಾನಶಾಸ್ತ್ರವನ್ನೂ ಬೆಂಬಲಿಸಿತ್ತು. ವಿಜ್ಞಾನದ ಹೆಸರಿನಲ್ಲಿ ಅಂದು ಸಲ್ಲುತ್ತಿದ್ದುದೆಲ್ಲ ವಿಜ್ಞಾನವಾಗಿರಲಿಲ್ಲ. ದುರ್ಬಲರ ಪಾಡೇನು ಎಂಬ ಬ್ರಯನ್ ಅವರ ಆತಂಕವನ್ನು ಈ ಹಿನ್ನೆಲೆಯಲ್ಲೇ ಅಳೆಯಬೇಕು.

ವಿಚಾರಣೆಗೆ ಪತ್ರಕರ್ತರು ದಂಡು ಕಟ್ಟಿ ಬಂದರು. ಷಿಕಾಗೋದ ಡಬ್ಲ್ಯೂಜಿಎನ್ ರೇಡಿಯೊ ಕೇಂದ್ರ ಕಲಾಪವನ್ನು ನೇರವಾಗಿ ಬಿತ್ತರಿಸಿತು. ಸರ್ಕಾರದ ಪರ ಟಾಮ್ ಸ್ಟುವರ್ಟ್ ಅವರೊಡನೆ ಬ್ರಯನ್ ನಿಂತರೆ, ಸ್ಕೋಪ್ಸ್ ಪರ ಕ್ಲಾರೆನ್ಸ್ ಡ್ಯಾರೊ, ಡಡ್ಲಿ ಫೀಲ್ಡ್ ಮಲೋನ್, ಆರ್ಥರ್ ಗಾರ್ಫೀಲ್ಡ್ ಹೇಸ್ ವಾದಿಸಿದರು. ವಿಕಾಸವನ್ನು ಒಪ್ಪಿದವರೂ ದೈವಭಕ್ತರಾಗಿರಬಹುದೆಂದು ತೋರಿಸುವುದು ಆರೋಪಿ ಪರ ವಕೀಲರ ಒಂದು ಮುಖ್ಯ ತಂತ್ರವಾಗಿತ್ತು. ಅದಕ್ಕಾಗಿ ವಿಜ್ಞಾನಿಗಳನ್ನು ಕರೆಸಿದ್ದರು. ಪ್ರಾಣಿವಿಜ್ಞಾನಿ ಮೇನಾರ್ಡ್ ಮೆಟ್‌ಕಾಫ್ ಒಬ್ಬರೇ, ಅದೂ ಜ್ಯೂರಿಯ ಗೈರಿನಲ್ಲಿ, ಸಾಕ್ಷ್ಯ ನುಡಿಯಲು ಸಾಧ್ಯವಾಯಿತು. ಪಾಠ ನಡೆಯಿತೇ ಇಲ್ಲವೇ ಎಂಬುದಷ್ಟೇ ಪ್ರಶ್ನೆ, ಸಿದ್ಧಾಂತ ಸರಿಯೋ ತಪ್ಪೋ ಎಂಬುದಲ್ಲ ಎಂದು ನ್ಯಾಯಾಧೀಶ ಜಾನ್ ರಾಲ್‌ಸ್ಟನ್ ತಜ್ಞರ ಸಾಕ್ಷ್ಯವನ್ನು ಜ್ಯೂರಿಯಿಂದ ದೂರವಿಟ್ಟರು.

ಜುಲೈ 20ರಂದು ಕಲಾಪವನ್ನು ಕೋರ್ಟಿನ ಹೊರಗಿನ ಹುಲ್ಲುಹಾಸಿಗೆ ವರ್ಗಾಯಿಸಲಾಗಿತ್ತು. ಅಲ್ಲಿ ಡ್ಯಾರೊ ಎದುರಾಳಿ ಬ್ರಯನ್ ಅವರನ್ನೇ ಬೈಬಲ್ ತಜ್ಞರೆಂದು ಸಾಕ್ಷಿಗೆ ಕರೆದರು. ಯೋನನನ್ನು ಮೀನು ನುಂಗಿದ್ದು ನಿಜವೇ, ಯೆಹೋಶುವ ಸೂರ್ಯನನ್ನು ನಿಲ್ಲಿಸಿದ್ದು ಹೇಗೆ, ಕಾಯಿನನಿಗೆ ಹೆಂಡತಿ ಸಿಕ್ಕಿದ್ದು ಎಲ್ಲಿಂದ ಎಂದು ಪ್ರಶ್ನೆಗಳು ಸುಮಾರು ಎರಡು ಗಂಟೆ ನಡೆದವು. ಸೃಷ್ಟಿಯ ಆರು ದಿನಗಳು 24 ಗಂಟೆಯ ದಿನಗಳೇ ಆಗಿರಬೇಕಿಲ್ಲ, ದೀರ್ಘ ಕಾಲಾವಧಿಗಳಿರಬಹುದು ಎಂದು ಬ್ರಯನ್ ಒಪ್ಪಿದರು. ಧರ್ಮಗ್ರಂಥಕ್ಕೆ ಅರ್ಥ ಹೇಳುವಲ್ಲಿ ಅವರಿಗೂ ವ್ಯಾಖ್ಯಾನ ಬೇಕಾಯಿತೆಂಬುದನ್ನು ದೇಶವೇ ಗಮನಿಸಿತು. ಮರುದಿನ ನ್ಯಾಯಾಧೀಶರು ಈ ಹೇಳಿಕೆಯನ್ನು ದಾಖಲೆಯಿಂದ ತೆಗೆಸಿದರು.

ಮೇಲ್ಮನವಿಗೆ ಹೋಗುವ ಉದ್ದೇಶದಿಂದ ಡ್ಯಾರೊ ತಮ್ಮ ಕಕ್ಷಿದಾರ ತಪ್ಪಿತಸ್ಥನೆಂದೇ ತೀರ್ಪು ಕೊಡಿರೆಂದು ಕೇಳಿಕೊಂಡರು. ಜ್ಯೂರಿ ಒಂಬತ್ತು ನಿಮಿಷದಲ್ಲಿ ತೀರ್ಮಾನ ಹೇಳಿತು. ನ್ಯಾಯಾಧೀಶರು 100 ಡಾಲರ್ ದಂಡ ಹಾಕಿದರು. ಬ್ರಯನ್ ಐದು ದಿನಗಳ ನಂತರ ಡೇಟನ್‌ನಲ್ಲಿಯೇ ತೀರಿಕೊಂಡರು. 1927ರಲ್ಲಿ ಟೆನೆಸ್ಸಿಯ ಸುಪ್ರೀಂ ಕೋರ್ಟ್ ಕಾನೂನನ್ನು ಎತ್ತಿಹಿಡಿಯಿತು. 50 ಡಾಲರ್‌ಗೆ ಮೀರಿದ ದಂಡವನ್ನು ಜ್ಯೂರಿಯೇ ನಿಗದಿಮಾಡಬೇಕಿತ್ತೆಂಬ ಕಾರಣಕ್ಕೆ ಶಿಕ್ಷೆಯನ್ನು ಮಾತ್ರ ರದ್ದುಮಾಡಿತು. ಹಾಗಾಗಿ ಪ್ರಕರಣ ದೇಶದ ಸುಪ್ರೀಂ ಕೋರ್ಟನ್ನು ತಲುಪಲೇ ಇಲ್ಲ.

1955ರ ‘ಇನ್‌ಹೆರಿಟ್ ದಿ ವಿಂಡ್’ ನಾಟಕ ಈ ಘಟನೆಯನ್ನು ವಿಜ್ಞಾನದ ವಿಜಯವೆಂಬಂತೆ ಜನಮನದಲ್ಲಿ ನೆಲೆಗೊಳಿಸಿತು. ವಾಸ್ತವ ಬೇರೆಯಿತ್ತು. ಮಿಸ್ಸಿಸಿಪ್ಪಿ 1926ರಲ್ಲಿ, ಆರ್ಕನ್‌ಸಾ 1928ರಲ್ಲಿ ಇಂಥದೇ ಕಾನೂನು ತಂದವು. ಪ್ರಕಾಶಕರು ವಿವಾದಕ್ಕೆ ಅಂಜಿ ಪಠ್ಯಗಳಲ್ಲಿ ವಿಕಾಸದ ವಿಷಯವನ್ನು ತೆಳುಗೊಳಿಸಿದರು. 1957ರಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿದ ಮೇಲೆ ವಿಜ್ಞಾನ ಶಿಕ್ಷಣಕ್ಕೆ ಸರ್ಕಾರದ ಹಣ ಹರಿಯಿತು. ಹೊಸ ಜೀವಶಾಸ್ತ್ರ ಪಠ್ಯಗಳಲ್ಲಿ ವಿಕಾಸ ಮತ್ತೆ ಕೇಂದ್ರಕ್ಕೆ ಬಂತು. ಬಟ್ಲರ್ ಕಾನೂನು 1967ರಲ್ಲಿ ರದ್ದಾಯಿತು. ಮರುವರ್ಷ ಶಿಕ್ಷಕಿ ಸೂಸನ್ ಎಪರ್ಸನ್ ಹೂಡಿದ ದಾವೆಯಲ್ಲಿ ಆರ್ಕನ್‌ಸಾದ ನಿಷೇಧ ಸಂವಿಧಾನಬಾಹಿರವೆಂದು ಅಮೆರಿಕದ ಸುಪ್ರೀಂ ಕೋರ್ಟ್ ಸಾರಿತು.

ನಿಷೇಧದ ದಾರಿ ಮುಚ್ಚಿದ ನಂತರ ‘ಸೃಷ್ಟಿ ವಿಜ್ಞಾನ’ಕ್ಕೆ ಸಮಾನ ಅವಕಾಶ ಕೇಳುವ ಚಳವಳಿ ಬೆಳೆಯಿತು. ಲೂಯಿಸಿಯಾನದ ಅಂಥ ಕಾನೂನನ್ನು ಸುಪ್ರೀಂ ಕೋರ್ಟ್ 1987ರಲ್ಲಿ 7–2ರ ಬಹುಮತದಿಂದ ತಳ್ಳಿಹಾಕಿತು. ಆಮೇಲೆ ಮುಂದೆ ಬಂದದ್ದು ‘ಬುದ್ಧಿವಂತ ವಿನ್ಯಾಸ’ ಎಂಬ ವಾದ. ಪೆನ್ಸಿಲ್ವೇನಿಯದ ಡೋವರ್‌ನಲ್ಲಿ ಪೋಷಕರು ಹೂಡಿದ ಮೊಕದ್ದಮೆಯಲ್ಲಿ ಈ ವಾದದ ಪಠ್ಯಪುಸ್ತಕವೊಂದರ ಹಳೆಯ ಕರಡುಗಳನ್ನು ಪರಿಶೀಲಿಸಲಾಯಿತು. 1987ರ ತೀರ್ಪಿನ ಬೆನ್ನಿಗೇ ‘ಸೃಷ್ಟಿ’ ಎಂದಿದ್ದ ಜಾಗಗಳಲ್ಲೆಲ್ಲ ‘ವಿನ್ಯಾಸ’ ಎಂದು ತಿದ್ದಿದ್ದು ಕಂಡುಬಂತು. ಈ ವಾದ ವಿಜ್ಞಾನವಲ್ಲವೆಂದು ನ್ಯಾಯಾಧೀಶ ಜಾನ್ ಜೋನ್ಸ್ 2005ರ ಡಿಸೆಂಬರ್ 20ರಂದು ತೀರ್ಪಿತ್ತರು.

ಎಂಬತ್ತು ವರ್ಷಗಳ ಈ ಕಾನೂನು ಹೋರಾಟದಲ್ಲಿ ಯಾವ ನ್ಯಾಯಾಲಯವೂ ದೇವರಿದ್ದಾನೆಯೇ ಇಲ್ಲವೇ ಎಂಬುದನ್ನು ತೀರ್ಮಾನಿಸಲಿಲ್ಲ; ತೀರ್ಮಾನಿಸುವುದು ಅವುಗಳ ಕೆಲಸವೂ ಆಗಿರಲಿಲ್ಲ. ನಂಬಿಕೆಗೆ ಮನೆಯಲ್ಲಿ, ಚರ್ಚಿನಲ್ಲಿ, ಮನಸ್ಸಿನಲ್ಲಿ ಪೂರ್ಣ ಸ್ವಾತಂತ್ರ್ಯವಿದೆ. ವಿಜ್ಞಾನದ ತರಗತಿಯಲ್ಲಿ ಏನಿರಬೇಕೆಂಬುದನ್ನು ಮಾತ್ರ ಪುರಾವೆ ನಿರ್ಧರಿಸಬೇಕು, ಶಾಸನಸಭೆಯ ಮತಗಳ ಎಣಿಕೆಯಲ್ಲ. ಡೇಟನ್ ಜ್ಯೂರಿಯ ಮುಂದೆ ಬರಲಾಗದ ಈ ವಾದ ಕೊನೆಗೆ ಕಾನೂನಿನಲ್ಲಿ ನೆಲೆಗೊಂಡಿತು.