ಗೋಕಾವಿಯ ಜಲಪಾತವೂ ಹಳೆಯ ಕಾಲುದಾರಿಯೂ

ನಮ್ಮ ಕಬ್ಬೂರಿನ ದಕ್ಷಿಣದ ಗೋಕಾವಿ ಸೀಮೆಯಲ್ಲಿ ಘಟಪ್ರಭೆಯು ಮರಳುಗಲ್ಲಿನ ಕಮರಿಗೆ ಸುಮಾರು 170 ಅಡಿ ಧುಮುಕುವುದು. ನೋಡಬಂದವರು 1885ರಲ್ಲಿ ಸ್ಥಾಪಿತವಾದ ಗಿರಣಿಯನ್ನೂ ತೂಗುಸೇತುವೆಯನ್ನೂ ಕಂಡು, ಸ್ಥಳದ ಚರಿತ್ರೆಯು ಅಲ್ಲಿಂದಲೇ ಮೊದಲಾಯಿತೆಂದು ಭಾವಿಸುವುದುಂಟು. ಆದರೆ ದಡದ ಮಹಾಲಿಂಗೇಶ್ವರ ದೇವಾಲಯವು ಉತ್ತರ ಚಾಲುಕ್ಯರ ಕಾಲದ್ದು. 1887ರಲ್ಲಿ ಈ ಧಾರೆಯಿಂದ ವಿದ್ಯುತ್ತನ್ನು ಪಡೆಯುವುದಕ್ಕೆ ಏಳು ಶತಮಾನಗಳಿಗೂ ಹಿಂದೆ ಭಕ್ತರು ಇಲ್ಲಿಗೆ ನಡೆದುಬರುತ್ತಿದ್ದರೆಂಬುದಕ್ಕೆ ಆ ಕಲ್ಲುಗಳೇ ಸಾಕ್ಷಿ. ಇದೇ ಸೀಮೆಯ ಗೊಡಚಿನಮಲ್ಕಿಯಲ್ಲಿ ಮಾರ್ಕಂಡೇಯ ನದಿಯು ಎರಡು ಹಂತಗಳಲ್ಲಿ ಇಳಿಯುವುದು. ಅಲ್ಲಿಗೆ ಯೋಗಿಕೊಳ್ಳದ ಕಡೆಯಿಂದ ಕಾಡಿನ ಕಾಲುದಾರಿಯುಂಟು. ದೇವಾಲಯವು ಬಿದ್ದರೂ ಅಡಿಗಲ್ಲು ಉಳಿದೀತು. ನಡೆಯುವವರಿಲ್ಲದ ದಾರಿಯಾದರೋ ಕೆಲವೇ ಮಳೆಗಾಲಗಳಲ್ಲಿ ಪೊದೆಗಳ ಪಾಲಾಗುವುದು. ಆದುದರಿಂದ ವಾಚಕರು ಮಳೆ ನಿಂತ ಮೇಲೆ ಮಕ್ಕಳೊಡನೆ ಈ ದಾರಿಯನ್ನು ಒಮ್ಮೆಯಾದರೂ ನಡೆದು ನೋಡುವುದು ಉಚಿತವು.