ಮೊದಲ ಹೆಪ್ಪು

ಮೊಸರು ಮಾಡಲು ಏನು ಬೇಕೆಂದು ಯಾರನ್ನಾದರೂ ಕೇಳಿದರೆ, ಹಾಲು ಬೇಕು ಎನ್ನುತ್ತಾರೆ. ಅದು ಅರ್ಧ ಉತ್ತರ. ಹಾಲು ಕೊಡದ ತುಂಬ ಇದ್ದರೂ ಹೆಪ್ಪು ಹಾಕಲು ಒಂದು ಚಮಚ ಮೊಸರು ಇಲ್ಲದಿದ್ದರೆ ಅದು ಮೊಸರಾಗದು. ಆ ಚಮಚ ಮೊಸರು ನಿನ್ನೆಯ ಮೊಸರಿನಿಂದ ಬಂದದ್ದು, ನಿನ್ನೆಯದು ಮೊನ್ನೆಯದರಿಂದ. ಹೀಗೆ ಹಿಂದೆ ಹಿಂದೆ ನಡೆದರೆ, ಮೊಟ್ಟಮೊದಲ ಹೆಪ್ಪು ಎಲ್ಲಿಂದ ಬಂತು? ನಮ್ಮ ಮನೆಗಳಲ್ಲಿ ಈ ಪ್ರಶ್ನೆ ಎದ್ದಾಗ ಯಾರೂ ತತ್ತ್ವಶಾಸ್ತ್ರಕ್ಕೆ ಹೋಗುವುದಿಲ್ಲ. ಬಟ್ಟಲು ಹಿಡಿದು ಪಕ್ಕದ ಮನೆಗೆ ಹೋಗುತ್ತಾರೆ.

ಗಣಕಯಂತ್ರಕ್ಕೂ ಇದೇ ತೊಡಕು ಇದೆಯೆಂಬುದು ನನಗೆ ತಿಳಿದದ್ದು ಒಂದು ಸಂಕಟದ ಗಳಿಗೆಯಲ್ಲಿ. ನಮ್ಮ ಕಾಲೇಜಿನ ಕನ್ನಡ ವಿಭಾಗದಲ್ಲಿ ಅಂಗೈಯಗಲದ ಒಂದು ಕಂಪ್ಯೂಟರು ಇದೆ. ಪೆಟ್ಟಿಗೆಯಿಲ್ಲ, ಆಡಂಬರವಿಲ್ಲ, ಒಂದೇ ಹಸಿರು ಹಲಗೆಯ ಮೇಲೆ ಅದರ ಸಂಸಾರವೆಲ್ಲ. ವಿದ್ಯಾರ್ಥಿಗಳು ತಮ್ಮ ಅಜ್ಜಿಯರನ್ನು ಹಾಡಿಸಿ ಧ್ವನಿಮುದ್ರಿಸಿ ತಂದ ಬೀಸುವ ಪದಗಳನ್ನು ಅದರಲ್ಲಿ ಕೂಡಿಟ್ಟಿದ್ದೆವು. ಎಲ್ಲವೂ ಉಗುರಿನಷ್ಟು ಅಗಲದ ಒಂದೇ ಒಂದು ಮೆಮೊರಿ ಕಾರ್ಡಿನಲ್ಲಿ. ಇನ್ನೊಂದು ಪ್ರತಿ ಮಾಡಿಡಬೇಕೆಂದು ಹಲವು ಸಲ ಅಂದುಕೊಂಡಿದ್ದೆ, ಅಂದುಕೊಂಡದ್ದಷ್ಟೇ ಬಂತು. ದಸರಾ ರಜೆ ಮುಗಿಸಿ ಬಂದು ಯಂತ್ರಕ್ಕೆ ವಿದ್ಯುತ್ತು ಕೊಟ್ಟರೆ ಪರದೆ ಕಪ್ಪಾಗಿಯೇ ಉಳಿಯಿತು. ಹಾಡಿದ ಅಜ್ಜಿಯರಲ್ಲಿ ಒಬ್ಬರು ಆ ವೇಳೆಗೆ ತೀರಿಕೊಂಡಿದ್ದರು.

ತಿಳಿದವರೆನಿಸಿಕೊಂಡ ಒಬ್ಬರು ಬಂದು ನೋಡಿ, "ಕಾರ್ಡನ್ನು ಅಳಿಸಿ ಹೊಸದಾಗಿ ತುಂಬಿಬಿಡಿ, ಸರಿಹೋಗುತ್ತೆ" ಎಂದರು. ಪೇಚಿನಲ್ಲಿದ್ದ ನಾನು ಅದಕ್ಕೂ ಒಪ್ಪುವುದರಲ್ಲಿದ್ದೆ. ಎಲೆಕ್ಟ್ರಾನಿಕ್ಸ್ ಓದುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ತಡೆದಳು. "ಬೇಡಿ ಸಾರ್. ಎಲ್ಲಿವರೆಗೆ ಬಂದು ನಿಂತಿದೆ ಅಂತ ಮೊದಲು ನೋಡೋಣ" ಎಂದಳು.

ಎಲ್ಲಿಯವರೆಗೆ ಬಂದು ನಿಂತಿದೆ! ಯಂತ್ರವೆಂದರೆ ಒಂದೋ ನಡೆಯುತ್ತದೆ, ಇಲ್ಲವೇ ಕೆಟ್ಟಿರುತ್ತದೆ ಎಂದಷ್ಟೇ ತಿಳಿದಿದ್ದ ನನಗೆ ಆ ಮಾತು ಹೊಸದು. ಅದರ ಬೆನ್ನು ಹತ್ತಿ ಹೋದಾಗ ಒಂದು ಚರಿತ್ರೆಯೇ ತೆರೆದುಕೊಂಡಿತು.

ಗಣಕಯಂತ್ರವು ಏನೇ ಮಾಡಬೇಕಾದರೂ ಅದರ ಸ್ಮೃತಿಯಲ್ಲಿ ಆಜ್ಞೆಗಳಿರಬೇಕು. ಆದರೆ ಕೆಲಸ ನಡೆಯುವ ಆ ಸ್ಮೃತಿ ವಿದ್ಯುತ್ತು ಹೋದೊಡನೆ ಬರಿದಾಗುತ್ತದೆ. ಮತ್ತೆ ಎದ್ದಾಗ ಆಜ್ಞೆಗಳನ್ನು ಹೊರಗಿನಿಂದ ಒಳಕ್ಕೆ ತರಬೇಕು. ತರುವುದಕ್ಕೂ ಒಂದು ಆಜ್ಞೆ ಬೇಕು. ಆ ಆಜ್ಞೆಯನ್ನು ತರುವವರು ಯಾರು? ಇಂಗ್ಲಿಷಿನವರು ಇದಕ್ಕೆ ತಮ್ಮ ಪಾದರಕ್ಷೆಯಿಂದ ಮಾತು ತೆಗೆದರು. ಬೂಟನ್ನು ಎಳೆದು ತೊಡಲು ಅದರ ಹಿಂಬದಿಗೆ ಒಂದು ಪಟ್ಟಿ ಇರುತ್ತದೆ. ಆ ಪಟ್ಟಿಯನ್ನು ಹಿಡಿದೆಳೆದು ತನ್ನನ್ನು ತಾನೇ ನೆಲದಿಂದ ಎತ್ತಿಕೊಳ್ಳುವುದು ಅವರಲ್ಲಿ ಅಸಾಧ್ಯ ಸಾಹಸಕ್ಕೆ ಹೇಳುವ ಮಾತು. 'ಬೂಟ್‌ಸ್ಟ್ರಾಪ್' ಎಂಬ ಆ ಮಾತೇ ಮೊಟಕಾಗಿ, ಯಂತ್ರ 'ಬೂಟ್' ಆಯಿತು ಎಂದು ನಾವೂ ಇಂದು ಹೇಳುತ್ತಿದ್ದೇವೆ. ನಮ್ಮ ಅಡುಗೆಮನೆಯಲ್ಲಿ ಹೆಸರಿಡಿಸಿದ್ದರೆ ಅದು ಹೆಪ್ಪು ಎಂದೇ ಆಗುತ್ತಿತ್ತು.

ಮೊದಮೊದಲು ಹೆಪ್ಪು ಹಾಕುತ್ತಿದ್ದುದು ಮನುಷ್ಯನ ಬೆರಳು. ೧೯೪೮ರ ಜೂನ್ ೨೧ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ, ತನ್ನ ಆಜ್ಞೆಗಳನ್ನು ತನ್ನ ಸ್ಮೃತಿಯಲ್ಲೇ ಇಟ್ಟುಕೊಂಡ ಮೊದಲ ವಿದ್ಯುನ್ಮಾನ ಯಂತ್ರ ಕೆಲಸ ಮಾಡಿತು. ಅದರ ಅಡ್ಡಹೆಸರು 'ಬೇಬಿ'. ಸ್ಮೃತಿಯಲ್ಲಿ ೩೨ ಪದಗಳಿಗಷ್ಟೇ ಜಾಗ. ೧೭ ಆಜ್ಞೆಗಳ ಒಂದು ಪ್ರೋಗ್ರಾಮನ್ನು ಒಂದೊಂದು ಸೊನ್ನೆ, ಒಂದೊಂದು ಒಂದನ್ನೂ ಕೈಯಿಂದಲೇ ಒತ್ತಿ ಒಳಕ್ಕೆ ಸೇರಿಸಿದರು. ಶಿಶುವಿಗೆ ಕೈತುತ್ತು ಎಂದರೆ ತಪ್ಪಾಗಲಾರದು. ಒಂದು ತುತ್ತು ತಪ್ಪಿದರೂ ಲೆಕ್ಕ ತಪ್ಪಿತು.

ಇದಕ್ಕೊಂದು ಸ್ಥಿರವಾದ ಪರಿಹಾರ ದೊರೆತದ್ದು ಮರುವರ್ಷ, ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ. ಮಾರಿಸ್ ವಿಲ್ಕ್ಸ್ ಎಂಬ ವಿದ್ವಾಂಸರ ನೇತೃತ್ವದಲ್ಲಿ ಅಲ್ಲಿ 'ಎಡ್ಸಾಕ್' ಎಂಬ ಯಂತ್ರ ಸಿದ್ಧವಾಯಿತು. ಸುಮಾರು ೩,೦೦೦ ವಾಲ್ವುಗಳು. ಸ್ಮೃತಿಗೆ ಪಾದರಸ ತುಂಬಿದ ಉದ್ದನೆಯ ಕೊಳವೆಗಳು. ಆಜ್ಞೆಗಳು ಶಬ್ದದ ಅಲೆಗಳಾಗಿ ಆ ಪಾದರಸದಲ್ಲಿ ಸುತ್ತುತ್ತಿದ್ದುವು. ಯಂತ್ರಕ್ಕೆ ಪ್ರೋಗ್ರಾಮು ಬರಬೇಕಾದದ್ದು ತೂತು ಹೊಡೆದ ಕಾಗದದ ಪಟ್ಟಿಯಿಂದ. ಪಟ್ಟಿಯನ್ನು ಓದು ಎಂದು ಹೇಳುವವರಾರು? ಡೇವಿಡ್ ವ್ಹೀಲರ್ ಎಂಬ ಇಪ್ಪತ್ತೆರಡರ ಸಂಶೋಧನ ವಿದ್ಯಾರ್ಥಿ ಇದಕ್ಕೆಂದೇ ೩೧ ಆಜ್ಞೆಗಳನ್ನು ರಚಿಸಿದ. ಟೆಲಿಫೋನ್ ಎಕ್ಸ್‌ಚೇಂಜುಗಳಲ್ಲಿ ಬಳಸುವ ಸುತ್ತುವ ಸ್ವಿಚ್ಚುಗಳಿಗೆ ತಂತಿ ಬೆಸೆದು ಆ ಆಜ್ಞೆಗಳನ್ನು ಅಲ್ಲಿ ಕಾಯಂ ಆಗಿ ಕೂರಿಸಿದರು. ಗುಂಡಿ ಒತ್ತಿದೊಡನೆ ೩೧ ಆಜ್ಞೆಗಳು ತಾವಾಗಿ ಸ್ಮೃತಿಗಿಳಿದು, ಪಟ್ಟಿಯನ್ನು ಓದತೊಡಗುತ್ತಿದ್ದುವು. ೧೯೪೯ರ ಮೇ ೬ರಂದು ಹೀಗೆ ಎದ್ದ ಎಡ್ಸಾಕ್, ಸೊನ್ನೆಯಿಂದ ೯೯ರವರೆಗಿನ ಸಂಖ್ಯೆಗಳ ವರ್ಗಗಳನ್ನು ಅಚ್ಚು ಹಾಕಿತು. ಅದೇ ವರ್ಷ ವ್ಹೀಲರ್ ಅವನ್ನು ತಿದ್ದಿ ೪೧ ಆಜ್ಞೆಗಳಿಗೆ ಬೆಳೆಸಿದ.

ವಿದ್ಯುತ್ತು ಹೋದರೂ ತಂತಿಯಲ್ಲಿ ಬೆಸೆದದ್ದು ಹೋಗುವುದಿಲ್ಲ. ಕಾಗದದ ಪಟ್ಟಿ ಹರಿಯಬಹುದು, ಪಾದರಸ ಮರೆಯಬಹುದು. ಆ ೩೧ ಆಜ್ಞೆಗಳು ಅಲ್ಲೇ ಇರುತ್ತವೆ. ಆದ್ದರಿಂದ ಯಂತ್ರ ತಪ್ಪಿ ನಡೆದಾಗ ಹುಡುಕುವವನಿಗೆ ಊರಿಕೊಳ್ಳಲು ಒಂದು ನೆಲೆಯಿತ್ತು. ಹುಡುಕಾಟವೇನೂ ಕಡಮೆಯಾಗಲಿಲ್ಲ. ತಮ್ಮ ಉಳಿದ ಆಯುಸ್ಸಿನ ಬಹುಪಾಲು ತಮ್ಮದೇ ಪ್ರೋಗ್ರಾಮುಗಳ ತಪ್ಪು ಹುಡುಕುವುದರಲ್ಲಿ ಕಳೆಯಲಿದೆಯೆಂಬ ಅರಿವು ಆ ದಿನಗಳಲ್ಲೇ ಒಮ್ಮೆ ಮೆಟ್ಟಿಲ ತಿರುವಿನಲ್ಲಿ ತಮಗಾಯಿತೆಂದು ವಿಲ್ಕ್ಸ್ ತಮ್ಮ ಆತ್ಮಕಥೆಯಲ್ಲಿ ನೆನೆದಿದ್ದಾರೆ.

ಒಮ್ಮೆ ಕಲಿತ ಪಾಠವನ್ನು ಲೋಕ ಹಾಗೇ ಉಳಿಸಿಕೊಳ್ಳುತ್ತದೆಯೆ? ಕಾಲು ಶತಮಾನ ಕಳೆದು, ೧೯೭೫ರಲ್ಲಿ ಅಮೆರಿಕದಲ್ಲಿ ಮನೆಯಲ್ಲೇ ಜೋಡಿಸಿಕೊಳ್ಳಬಹುದಾದ 'ಆಲ್ಟೇರ್' ಎಂಬ ಅಗ್ಗದ ಕಂಪ್ಯೂಟರು ಬಂದಾಗ, ಹೆಪ್ಪು ಮರಳಿ ಬೆರಳಿಗೇ ಬಂತು. ಮುಂಭಾಗದ ಸ್ವಿಚ್ಚುಗಳನ್ನು ಮೇಲೆ ಕೆಳಗೆ ಮಾಡಿ, ಸುಮಾರು ೨೦ ಬೈಟುಗಳನ್ನು ಪ್ರತಿಸಲವೂ ತುಂಬಬೇಕು. ಆಮೇಲೆ ಕಾಗದದ ಪಟ್ಟಿ. ಆ ಯಂತ್ರಕ್ಕೆಂದು ಬಿಲ್ ಗೇಟ್ಸ್ ಮತ್ತು ಪಾಲ್ ಅಲೆನ್ ಎಂಬ ಇಬ್ಬರು ತರುಣರು 'ಬೇಸಿಕ್' ಭಾಷೆಯ ಪ್ರೋಗ್ರಾಮನ್ನು ಬರೆದಿದ್ದರು. ಯಂತ್ರವನ್ನು ಇಬ್ಬರೂ ಮುಟ್ಟಿರಲಿಲ್ಲ. ಅದನ್ನು ತೋರಿಸಲು ಅಲೆನ್ ವಿಮಾನದಲ್ಲಿ ಹೊರಟಾಗ, ಇನ್ನೇನು ಇಳಿಯಬೇಕೆನ್ನುವಾಗ, ಹೆಪ್ಪನ್ನೇ ಬರೆದಿಲ್ಲವೆಂಬುದು ಹೊಳೆಯಿತು! ಹಾಲಿನ ಕ್ಯಾನು ಹೊತ್ತು ಹೊರಟವನು ಹೆಪ್ಪಿನ ಬಟ್ಟಲನ್ನು ಮನೆಯಲ್ಲೇ ಮರೆತಂತೆ. ಕುಳಿತಲ್ಲೇ ಕಾಗದದ ಮೇಲೆ ಬರೆದುಕೊಂಡು, ಇಳಿದ ಮೇಲೆ ಅದನ್ನು ಸ್ವಿಚ್ಚುಗಳಿಂದ ತುಂಬಿದ. ಯಂತ್ರ ಎದ್ದು ಉತ್ತರ ಕೊಟ್ಟಿತು. ಮುಂದೆ ಮೈಕ್ರೋಸಾಫ್ಟ್ ಎಂದು ಹೆಸರಾದ ಉದ್ಯಮದ ಮೊದಲ ಪರೀಕ್ಷೆ ನಿಂತದ್ದು ಆ ಕೆಲವು ಸಾಲುಗಳ ಮೇಲೆ.

ಮರುವರ್ಷವೇ, ೧೯೭೬ರಲ್ಲಿ, 'ಕಿಮ್-೧' ಎಂಬ ಒಂದೇ ಹಲಗೆಯ ಕಂಪ್ಯೂಟರು ೨೪೫ ಡಾಲರಿಗೆ ಮಾರಾಟಕ್ಕೆ ಬಂತು. ನಮ್ಮ ವಿಭಾಗದ ಹಸಿರು ಹಲಗೆಯ ಹಿರಿಯಳು ಅವಳೆನ್ನಬಹುದು. ಸ್ವಿಚ್ಚುಗಳ ಸಾಲು ಹೋಗಿ, ಅಂಕಿಗಳ ಗುಂಡಿಗಳೂ ಆರು ಅಂಕಿ ತೋರುವ ದೀಪಗಳೂ ಬಂದಿದ್ದುವು. ಅಳಿಸಲಾಗದ ೨,೦೪೮ ಬೈಟುಗಳ ಸ್ಮೃತಿಯಲ್ಲಿ ಹೆಪ್ಪನ್ನು ಕಾರ್ಖಾನೆಯಲ್ಲೇ ಇಟ್ಟು ಕಳಿಸುತ್ತಿದ್ದರು. ವ್ಹೀಲರನ ತಂತಿ ಈಗ ಸಿಲಿಕಾನಿನ ಚೂರಾಗಿತ್ತು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ '೮೦೮೫ ಕಿಟ್ಟು' ಎಂಬುದರ ಮುಂದೆ ಕುಳಿತು ಅಂಕಿ ಒತ್ತಿ ಕಲಿತವರಿಗೆ ಈ ವಂಶದ ಮುಖಚಹರೆ ಪರಿಚಿತವೇ. ೮೦೮೫ ಎಚ್ಚೆತ್ತೊಡನೆ ಸೊನ್ನೆಯ ಮನೆಯಲ್ಲಿರುವ ಆಜ್ಞೆಯನ್ನು ಓದುತ್ತದೆ. ಆ ಮನೆಯಲ್ಲಿ ಕಿಟ್ಟಿನ ಹೆಪ್ಪು ಕಾದಿರುತ್ತದೆ.

ಹೀಗೆ ಯಂತ್ರದ ಮೈಯಲ್ಲೇ ನೆಲೆಸಿದ ಆಜ್ಞೆಗಳಿಗೆ ಇಂದು 'ಫರ್ಮ್‌ವೇರ್' ಎಂಬ ಹೆಸರಿದೆ. ೧೯೬೭ರಲ್ಲಿ ಆಷರ್ ಓಪ್ಲರ್ ಎಂಬವರು ಟಂಕಿಸಿದ ಶಬ್ದ ಅದು. 'ಫರ್ಮ್' ಎಂದರೆ ಗಟ್ಟಿಯಾದದ್ದು. ಆದರೆ ಕಾಲ ಕಳೆದಂತೆ ಆ ಗಟ್ಟಿತನ ಸಡಿಲವಾಯಿತು. ಫರ್ಮ್‌ವೇರಿನಲ್ಲೇ ತಪ್ಪಿದ್ದರೆ ತಿದ್ದುವುದು ಹೇಗೆ? ಚೂರನ್ನೇ ಕಿತ್ತು ಬದಲಿಸಬೇಕಾಗಿತ್ತು. ಆದ್ದರಿಂದ ವಿದ್ಯುತ್ತಿನಿಂದ ಅಳಿಸಿ ಬರೆಯಬಲ್ಲ ಫ್ಲಾಶ್ ಸ್ಮೃತಿ ಬಂದಾಗ ಎಲ್ಲರೂ ಅದನ್ನು ಸ್ವಾಗತಿಸಿದರು. ತಿದ್ದಲು ಬರುವುದು ಕೆಡಿಸಲೂ ಬರುತ್ತದೆ ಎಂಬುದು ೧೯೯೯ರ ಏಪ್ರಿಲ್ ೨೬ರಂದು ಲೋಕಕ್ಕೆ ಚೆನ್ನಾಗಿ ತಿಳಿಯಿತು. ತೈವಾನಿನ ವಿದ್ಯಾರ್ಥಿಯೊಬ್ಬ ಹಿಂದಿನ ವರ್ಷ ರಚಿಸಿದ್ದ ವೈರಸ್ಸು ಆ ದಿನ ಎಚ್ಚೆತ್ತು, ಕಡತಗಳನ್ನು ಹಾಳುಮಾಡಿದ್ದಲ್ಲದೆ ಹಲವು ಕಂಪ್ಯೂಟರುಗಳ ಫರ್ಮ್‌ವೇರನ್ನೂ ಅಳಿಸಿಹಾಕಿತು. ಬೆಳಗ್ಗೆ ಗುಂಡಿ ಒತ್ತಿದರೆ ಅವು ಮಿಸುಕಲಿಲ್ಲ. ಹಾಲಲ್ಲ, ಹೆಪ್ಪೇ ಕೆಟ್ಟಿತ್ತು. ಹೀಗೆ ಸತ್ತ ಯಂತ್ರವನ್ನು ಆ ಕಸುಬಿನವರು 'ಇಟ್ಟಿಗೆ'ಯಾಯಿತು ಎನ್ನುತ್ತಾರೆ.

ಕಥೆ ಈಗ ಮತ್ತೆ ಕೇಂಬ್ರಿಜ್ಜಿಗೆ ಬರುತ್ತದೆ. ಕಂಪ್ಯೂಟರ್ ಶಾಸ್ತ್ರ ಕಲಿಯಲು ಬರುವ ಹುಡುಗರು ಯಂತ್ರವನ್ನು ಬಳಸಿ ಬಲ್ಲರೇ ಹೊರತು ಬಿಚ್ಚಿ ನೋಡಿ ಅರಿಯರು ಎಂಬ ಕೊರಗು ಅಲ್ಲಿಯ ಎಬೆನ್ ಅಪ್ಟನ್ ಮತ್ತು ಗೆಳೆಯರಿಗೆ ಹತ್ತಿತು. ಅದರ ಫಲವಾಗಿ ೨೦೧೨ರ ಫೆಬ್ರವರಿ ೨೯ರಂದು 'ರಾಸ್ಪ್‌ಬೆರಿ ಪೈ' ಎಂಬ ಒಂದೇ ಹಲಗೆಯ ಕಂಪ್ಯೂಟರು ೩೫ ಡಾಲರಿಗೆ ಹೊರಬಂತು. ಮಕ್ಕಳು ಕೆಡಿಸಿ ಕಲಿಯಲೆಂದೇ ಮಾಡಿದ್ದು. ಹಾಗಾದರೆ ಹೆಪ್ಪನ್ನು ಎಲ್ಲಿಡಬೇಕು? ಅವರು ಎರಡು ಪಾಲು ಮಾಡಿದರು. ಬದಲಿಸಲಾಗದ ಒಂದು ಚಿಕ್ಕ ಪಾಲು ಮುಖ್ಯ ಚಿಪ್ಪಿನೊಳಗೆ. ಅದಕ್ಕೆ ಗೊತ್ತಿರುವುದು, ಕಾರ್ಡಿನಲ್ಲಿ ಮುಂದಿನ ಆಜ್ಞೆಯನ್ನು ಹುಡುಕು ಎಂಬಷ್ಟೇ. ಉಳಿದದ್ದೆಲ್ಲ ಕಾರ್ಡಿನ ಮೇಲೆ. ಕಾರ್ಡು ಕೆಟ್ಟರೆ ಬೇರೊಂದು ಕಾರ್ಡು ಹಾಕಿದರಾಯಿತು, ಹಲಗೆ ಇಟ್ಟಿಗೆಯಾಗುವುದಿಲ್ಲ.

ಈ ಹಲಗೆ ಏಳುವ ಬಗೆಯೂ ವಿಚಿತ್ರವೇ. ಮೊದಲು ಎಚ್ಚರಗೊಳ್ಳುವುದು ಲೆಕ್ಕ ಮಾಡುವ ಮುಖ್ಯ ಭಾಗವಲ್ಲ, ಚಿತ್ರ ಬಿಡಿಸುವ ಭಾಗ. ಅದು ಚಿಪ್ಪಿನೊಳಗಿನ ಆಜ್ಞೆಯಂತೆ ಕಾರ್ಡಿನಿಂದ ಮೊದಲ ಕಡತವನ್ನು ತರುತ್ತದೆ. ಆ ಕಡತ ಸ್ಮೃತಿಯನ್ನು ಸಿದ್ಧಪಡಿಸಿ ಎರಡನೆಯ ಕಡತವನ್ನು ಕರೆಯುತ್ತದೆ. ಅದು ಕರ್ನೆಲ್ ಎಂಬ ಯಜಮಾನನನ್ನು ಒಳಗೆ ಕೂರಿಸಿ, ಆಮೇಲೆ ಮುಖ್ಯ ಭಾಗವನ್ನು ಎಬ್ಬಿಸುತ್ತದೆ. ಎಲ್ಲಿ ತೊಡಕಾದರೂ ಹೇಳಲು ಒಂದು ಹಸಿರು ದೀಪವಿದೆ. ನಾಲ್ಕು ಸಲ ಮಿನುಗಿದರೆ ಆ ಎರಡನೆಯ ಕಡತ ಸಿಕ್ಕಿಲ್ಲ. ಏಳು ಸಲವಾದರೆ ಕರ್ನೆಲ್ ಸಿಕ್ಕಿಲ್ಲ. ಎಂಟಾದರೆ ಸ್ಮೃತಿಯಲ್ಲೇ ದೋಷ. ಪಕ್ಕದ ಕೆಂಪು ದೀಪ ವಿದ್ಯುತ್ತಿನದು. ಐದು ವೋಲ್ಟು ಇರಬೇಕಾದಲ್ಲಿ ೪.೬೩ಕ್ಕಿಂತ ಇಳಿದರೆ ಅದು ಆರಿ ಎಚ್ಚರಿಸುತ್ತದೆ. ೨೦೧೯ರಲ್ಲಿ ಬಂದ ನಾಲ್ಕನೆಯ ಮಾದರಿಯಲ್ಲಿ ಮೊದಲ ಕಡತದ ಕೆಲಸವನ್ನು ಹಲಗೆಯ ಮೇಲಿನ, ತಿದ್ದಬಹುದಾದ ಚಿಪ್ಪಿಗೆ ವರ್ಗಾಯಿಸಿದರು. ಆದರೆ ಅದು ಕೆಟ್ಟರೆ ಕಾರ್ಡಿನಿಂದ ಮತ್ತೆ ತುಂಬಿಕೊಳ್ಳುವ ಬಾಗಿಲನ್ನು, ಬದಲಿಸಲಾಗದ ಆ ಚಿಕ್ಕ ಪಾಲಿನಲ್ಲಿ ತೆರೆದೇ ಇಟ್ಟರು. ಹೆಪ್ಪಿಗೆ ಪಕ್ಕದ ಮನೆ ಇರಲೇಬೇಕೆಂಬುದನ್ನು ಅವರು ಮರೆತಿರಲಿಲ್ಲ.

ನಮ್ಮ ಹಲಗೆ ಇದೇ ವಂಶದ್ದು, ಮೂರನೆಯ ಮಾದರಿ. ವಿದ್ಯಾರ್ಥಿನಿ ಮೊದಲು ಕಾರ್ಡನ್ನು ಹೊರತೆಗೆದು, ಇನ್ನೊಂದು ಕಂಪ್ಯೂಟರಿನಲ್ಲಿ ಅದರ ಸಂಪೂರ್ಣ ನಕಲು ತೆಗೆದಳು. ಆಮೇಲೆ ಹಲಗೆಗೆ ಹೊಸ ಕಾರ್ಡು ಹಾಕಿ ನೋಡಿದಳು, ಆಗಲೂ ಏಳಲಿಲ್ಲ. "ಹಾಗಾದರೆ ಇದು ಕಾರ್ಡಿನದೊಂದೇ ದೋಷ ಅಲ್ಲ, ಸಾರ್" ಎಂದು ಕೆಂಪು ದೀಪವನ್ನು ತೋರಿಸಿದಳು. ಅದು ಆರಿ ಆರಿ ಹತ್ತುತ್ತಿತ್ತು. ರಜೆಗೆ ಮುಂಚೆ ಸರಿಯಾದ ಚಾರ್ಜರು ಸಿಗದೆ, ಯಾವುದೋ ಹಳೆಯ ಮೊಬೈಲಿನ ಚಾರ್ಜರನ್ನೂ ದಾರದಂಥ ಒಂದು ತಂತಿಯನ್ನೂ ಸಿಕ್ಕಿಸಿದ್ದವನು ನಾನೇ. ಚಾರ್ಜರು ಬದಲಾಯಿತು, ಕೆಂಪು ದೀಪ ನಿಂತಿತು, ಹೊಸ ಕಾರ್ಡಿನಲ್ಲಿ ಯಂತ್ರ ಎದ್ದಿತು. ಹಳೆಯ ಕಾರ್ಡು ಹಾಕಿದಾಗ ಹಸಿರು ದೀಪ ಏಳು ಸಲ ಮಿನುಗಿತು. ಬಡಕಲು ವಿದ್ಯುತ್ತಿನಲ್ಲಿ ಬಿದ್ದು ಎದ್ದು ಕರ್ನೆಲ್ ಕಡತ ಹಾಳಾಗಿತ್ತು. ಹಾಡುಗಳಿದ್ದುದು ಕಾರ್ಡಿನ ಬೇರೆ ಭಾಗದಲ್ಲಿ. ಅವು ಇದ್ದಂತೆಯೇ ಇದ್ದುವು.

ಮೊದಲಿನ ಸಲಹೆಯಂತೆ ಕಾರ್ಡನ್ನು ಅಳಿಸಿದ್ದರೆ ಏನಾಗುತ್ತಿತ್ತು? ಹಾಡುಗಳೂ ಹೋಗುತ್ತಿದ್ದುವು, ಯಂತ್ರವೂ ಏಳುತ್ತಿರಲಿಲ್ಲ. ಕಾರ್ಡನ್ನು ಅಳಿಸಿದ್ದರಿಂದ ಚಾರ್ಜರು ಸರಿಹೋಗುತ್ತಿತ್ತೆ?

ಎಪ್ಪತ್ತು ವರ್ಷಗಳಿಗೂ ಮೀರಿದ ಈ ಚರಿತ್ರೆಯಲ್ಲಿ ಹೆಪ್ಪು ಬೆರಳಿನಿಂದ ತಂತಿಗೆ, ತಂತಿಯಿಂದ ಸಿಲಿಕಾನಿಗೆ, ಅಲ್ಲಿಂದ ತಿದ್ದಬಹುದಾದ ಸ್ಮೃತಿಗೆ, ಕಾರ್ಡಿಗೆ ಎಂದು ಮನೆ ಬದಲಿಸುತ್ತ ಬಂದಿದೆ. ಪ್ರತಿ ಸಲವೂ ಅನುಕೂಲ ಹೆಚ್ಚಿತು; ಪ್ರತಿ ಸಲವೂ ಕೆಡುವ ಒಂದು ಹೊಸ ದಾರಿ ತೆರೆಯಿತು. ಎಲ್ಲವನ್ನೂ ತಿದ್ದಬಹುದಾದಾಗಲೂ ತಿದ್ದಲಾಗದ ಒಂದು ಮೊದಲ ಮಾತನ್ನು ಉಳಿಸಿಕೊಂಡವರ ಯಂತ್ರ ಮರಳಿ ಎದ್ದಿತು. ರಿಪೇರಿಯೆಂದರೆ ಆ ಮೊದಲ ಮಾತಿನಿಂದ ಹೊರಟು, ಎಲ್ಲಿಯವರೆಗೆ ಬಂದು ನಿಂತಿದೆ ಎಂದು ಹೆಜ್ಜೆ ಹೆಜ್ಜೆಯಾಗಿ ಕೇಳುವುದು. ಅದಕ್ಕೆ ಬೇಕಾದದ್ದು ಪಾಂಡಿತ್ಯಕ್ಕಿಂತ ಹೆಚ್ಚಾಗಿ ತಾಳ್ಮೆ.

ಈಗ ಆ ಹಾಡುಗಳ ಪ್ರತಿ ಮೂರು ಮನೆಗಳಲ್ಲಿವೆ. ಯಂತ್ರ ಎದ್ದ ಸಂಜೆ, ತೀರಿಹೋದ ಆ ಅಜ್ಜಿಯ ಪದವನ್ನೇ ಮೊದಲು ಹಾಕಿದೆವು. ಎರಡು ನುಡಿ ಹಾಡಿದ ಮೇಲೆ ಅವರು ತಡೆದು, "ಇದು ಓಡ್ತಾ ಐತೇನವ್ವ?" ಎಂದು ಕೇಳುತ್ತಾರೆ. "ಐತೆ, ನೀ ಹೇಳಜ್ಜಿ" ಎನ್ನುತ್ತದೆ ಮೊಮ್ಮಗಳ ದನಿ. ಹಾಡು ಮುಂದುವರಿಯುತ್ತದೆ.